ಬಾಡಿಗೆ ಉಳಿಯಿತು, ಮುಯ್ಯಿ ಬಂತು

2025ರ ಜನವರಿಯಲ್ಲಿ ಸರಕಾರಿ ಬಸ್ಸಿನ ದರ ಶೇ 15ರಷ್ಟು ಏರಿತು. ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ತುಟ್ಟಿಯಾಯಿತು, ಬೆಂಗಳೂರಿನ ನೀರಿನ ದರವೂ ಏರಿತು. ನಾಲ್ಕು ತಿಂಗಳಲ್ಲಿ ನಾಲ್ಕು ಏಟು. ಇವೆಲ್ಲ ಸೇರಿದರೂ ಮನೆ ಬಾಡಿಗೆಯ ಮುಂದೆ ಚಿಲ್ಲರೆಯೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಹೋಗಿ ಬೆಂಗಳೂರು, ಪುಣೆ ಸೇರಿದವರಿಗೆ ಊರಿನಿಂದ ಫೋನು ಬಂದರೆ ಮಾತಿನ ಕೊನೆಗೆ ಇದು ಬಂದೇ ಬರುತ್ತದೆ: "ಯಾಕ ಬಾಡಿಗಿ ಕಟ್ಕೋಂತ ಕುಂತಿ? ಇಲ್ಲಿ ಮನಿ ಬೀಗಾ ಹಾಕ್ಕೊಂಡ ಬಿದ್ದೈತಿ. ಬಂದ ಬಿಡ."

ಈ ಮಾತಿನಲ್ಲಿ ಕರುಳೂ ಇದೆ, ಲೆಕ್ಕವೂ ಇದೆ. ಕರುಳಿನ ಸಂಗತಿ ಅವರವರ ಮನೆಗೆ ಬಿಟ್ಟದ್ದು. ಲೆಕ್ಕವನ್ನು ಮಾತ್ರ ಒಮ್ಮೆ ಬಿಡಿಸಿ ನೋಡಬೇಕು. ಯಾಕೆಂದರೆ 2020ರ ಲಾಕ್‌ಡೌನಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದವರಲ್ಲಿ ಕೆಲವರು ಇಲ್ಲೇ ಉಳಿದರು, ಬಹಳ ಮಂದಿ ಮರಳಿ ಹೋದರು. ಹೋದವರಿಗೆ ಊರು ಬೇಸರವಾಯಿತು ಅಂತಲ್ಲ. ಅವರ ಲೆಕ್ಕ ಕೂಡಲಿಲ್ಲ.

ಮೊದಲು ಎಲ್ಲರೂ ಎತ್ತಿ ಹೇಳುವ ಅಂಕಿ. ಕೇಂದ್ರ ಸರಕಾರದ 2023–24ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯಂತೆ ದೇಶದ ಹಳ್ಳಿಯಲ್ಲಿ ತಲೆಗೆ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ, ನಗರದಲ್ಲಿ 6,996. ನಾಲ್ಕು ಜನರ ಸಂಸಾರಕ್ಕೆ ಗುಣಿಸಿದರೆ ತಿಂಗಳಿಗೆ ಹನ್ನೊಂದೂವರೆ ಸಾವಿರದಷ್ಟು ವ್ಯತ್ಯಾಸ. ಊರಿಗೆ ಹೋದ ತಿಂಗಳಿನಿಂದಲೇ ಈ ಹಣ ಜೇಬಿನಲ್ಲಿ ಉಳಿಯುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಎಡವುವುದು ಇಲ್ಲಿಯೇ. ಆ ಅಂಕಿ ಹಳ್ಳಿ ಎಷ್ಟು ಅಗ್ಗ ಎಂದು ಹೇಳುವುದಿಲ್ಲ. ಹಳ್ಳಿಯವರ ಕೈಯಲ್ಲಿ ಖರ್ಚಿಗೆ ಎಷ್ಟಿದೆ ಎಂದು ಹೇಳುತ್ತದೆ. ಅದೇ ಸಮೀಕ್ಷೆಯಲ್ಲಿ ಹಳ್ಳಿಯವರು ಖರ್ಚಿನ ಶೇ 47ರಷ್ಟನ್ನು ಆಹಾರಕ್ಕೇ ಹಾಕುತ್ತಾರೆ, ನಗರದವರು ಸುಮಾರು ಶೇ 40. ಕೈಯಲ್ಲಿ ಕಡಿಮೆ ಇದ್ದವರ ಖರ್ಚಿನಲ್ಲಿ ಹೊಟ್ಟೆಯ ಪಾಲು ಎಲ್ಲಿದ್ದರೂ ದೊಡ್ಡದೇ. ಹಳ್ಳಿಯ ಬಾಳುವೆ ಅಷ್ಟು ಸಲೀಸಾಗಿದ್ದರೆ ವಾರಕ್ಕೊಮ್ಮೆ ಕಂತು ಕೇಳಲು ಬರುವ ಫೈನಾನ್ಸಿನವರ ಬೈಕು ಓಣಿ ಓಣಿಯಲ್ಲಿ ಯಾಕೆ ನಿಲ್ಲುತ್ತಿತ್ತು? ಮೈಕ್ರೊ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹಾಗಾದರೆ ನಿಜವಾಗಿ ಉಳಿಯುವುದು ಏನು? ಬಾಡಿಗೆ. ಬೆಂಗಳೂರಿನಲ್ಲಿ ತಿಂಗಳಿಗೆ 20,000 ರೂಪಾಯಿಯ ಮನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2.4 ಲಕ್ಷ. ಅಡ್ವಾನ್ಸಿನಲ್ಲಿ ಸಿಕ್ಕಿಕೊಂಡ ಹಣ ಬೇರೆ, ಮನೆ ಬಿಡುವಾಗ ಬಣ್ಣಕ್ಕೆಂದು ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ ಬೇರೆ. ಈ 2.4 ಲಕ್ಷ ಎಷ್ಟು ದೊಡ್ಡದು ಎಂಬುದು ಮೂಡಲಗಿ ಕಡೆಯ ರೈತನ ಲೆಕ್ಕದಲ್ಲಿ ಚೆನ್ನಾಗಿ ತಿಳಿಯುತ್ತದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ಹಗಲು ರಾತ್ರಿ ಕೂತರು. ಕೇಳಿದ್ದು ಟನ್ನಿಗೆ 3,500 ರೂಪಾಯಿ. ಕೊನೆಗೆ ಸರಕಾರ ಕಾರ್ಖಾನೆಯವರನ್ನು ಕೂಡಿಸಿ ಮಾತಾಡಿದ ಮೇಲೆ ಉತ್ತಮ ಇಳುವರಿಯ ಕಬ್ಬಿಗೆ 3,300ಕ್ಕೆ ನಿಂತಿತು. ಎಕರೆಗೆ 40 ಟನ್ ಬಂದರೆ ಈ ದರದಲ್ಲಿ ಬಿಲ್ಲು 1.32 ಲಕ್ಷ. ಅದರಲ್ಲಿ ಬೀಜ, ಗೊಬ್ಬರ, ಆಳು, ನೀರು ಕಳೆಯಬೇಕು, ವರ್ಷಪೂರ್ತಿ ಕಾಯಬೇಕು. ಅಂದರೆ ಬೆಂಗಳೂರಿನ ಎರಡು ಕೋಣೆಯ ಮನೆಯ ಮಾಲೀಕನಿಗೆ ಒಬ್ಬ ನೌಕರ ವರ್ಷಕ್ಕೆ ಎಣಿಸುವ ಹಣ ಎರಡು ಎಕರೆ ನೀರಾವರಿ ಕಬ್ಬಿನ ಬಿಲ್ಲಿಗೆ ಹತ್ತಿರ ಹತ್ತಿರ. ನಾಲ್ಕು ಆಣೆ ಹೆಚ್ಚಿಗಾಗಿ ರೈತರು ರಸ್ತೆಯಲ್ಲಿ ಮಲಗುತ್ತಾರೆ, ಅವರದೇ ಮನೆಯ ಮಗ ಆ ಬಾಡಿಗೆಯನ್ನು ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಸದ್ದಿಲ್ಲದೆ ಯುಪಿಐ ಮಾಡುತ್ತಾನೆ.

ಆದ್ದರಿಂದ ಊರಿಗೆ ಬರುವವನಿಗೆ ಮೊದಲ ಪ್ರಶ್ನೆ, ಊರಲ್ಲಿ ಮನೆ ಇದೆಯೇ? ಇದೆ ಎನ್ನುವವರೂ ಎರಡು ಸಂಗತಿ ನೋಡಿಕೊಳ್ಳಬೇಕು. ಒಂದು, ಮನೆ ನಿಂತಿದೆಯೇ? ಈ ಭಾಗದ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲ್ಮುದ್ದೆಯವು ಇಲ್ಲವೇ ಹಂಚಿನವು. ಮೇಲ್ಮುದ್ದೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕಿ ಬಡಿಯುವವರು ಬೇಕು. ಮನೆಯಲ್ಲಿ ಒಲೆ ಉರಿಯದೆ ಹತ್ತು ವರ್ಷ ಬೀಗ ಬಿದ್ದರೆ ಗೆದ್ದಲು, ಹೆಗ್ಗಣ, ಮಳೆ ಸೇರಿ ಅದನ್ನು ಮುಗಿಸುತ್ತವೆ. ಹೊಸದಾಗಿ ಕಟ್ಟುತ್ತೇನೆಂದರೆ ಎರಿ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಉಬ್ಬುವುದರಿಂದ ಬುನಾದಿಗೇ ಹೆಚ್ಚು ಹಣ ಬೇಕು. ಹೊಳೆ ದಂಡೆಯ ಊರಾದರೆ 2019ರ ಆಗಸ್ಟ್ ನೆನಪಿರಲಿ. ಘಟಪ್ರಭೆ ಮತ್ತು ಮಾರ್ಕಂಡೇಯ ಎರಡೂ ಒಟ್ಟಿಗೆ ಏರಿ ಗೋಕಾಕದ ಓಣಿಗಳಲ್ಲೇ ನೀರು ನಿಂತಿತ್ತು, ದಂಡೆಯ ಹಳ್ಳಿಗಳಲ್ಲಿ ಸಾಲು ಸಾಲು ಮಣ್ಣಿನ ಮನೆಗಳು ಕುಸಿದವು. ಆಮೇಲೆಯೂ ಹೊಳೆ ಜೋರಾದಾಗಲೆಲ್ಲ ಲೋಳಸೂರ ಸೇತುವೆಯ ಸುದ್ದಿ ಮೊದಲು ಬರುತ್ತದೆ.

ಎರಡು, ಮನೆ ಯಾರ ಹೆಸರಿನಲ್ಲಿದೆ? ಜಪಾನ್ ಸರಕಾರ 2023ರಲ್ಲಿ ಟೋಕಿಯೊ ಬಿಟ್ಟು ಗ್ರಾಮಾಂತರಕ್ಕೆ ಹೋಗುವ ಕುಟುಂಬಕ್ಕೆ ಮಗುವೊಂದಕ್ಕೆ 10 ಲಕ್ಷ ಯೆನ್‌ವರೆಗೆ ಕೊಡಲು ಮುಂದಾಯಿತು. ಅಲ್ಲಿ ಹಳ್ಳಿಯ ಮನೆಗಳು ವಾರಸುದಾರರಿಲ್ಲದೆ ಖಾಲಿ ಬಿದ್ದಿವೆ. ನಮ್ಮಲ್ಲಿ ಖಾಲಿ ಮನೆಗೆ ವಾರಸುದಾರರು ಕಡಿಮೆಯಿಲ್ಲ, ಹೆಚ್ಚೇ ಇದ್ದಾರೆ. ಆಸ್ತಿಯ ಉತಾರದಲ್ಲಿ ಅಜ್ಜನ ಹೆಸರು, ವಾಟ್ನಿ ಅಂದರೆ ಪಾಲು ಬಾಯಿಮಾತಿನಲ್ಲಿ ಆದದ್ದು, ಮೂವರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದಲ್ಲಿ 1994ರಿಂದಲೇ ಕಾನೂನಿದೆ, 2005ರಲ್ಲಿ ದೇಶಕ್ಕೆಲ್ಲ ಬಂತು. ಮನೆ ಬಿದ್ದರೂ ಕೇಳದವರು, ನೀವು ಸಿಮೆಂಟಿನ ಚೀಲ ಇಳಿಸಿದ ದಿನ ಕೇಳಲು ಬರುತ್ತಾರೆ. ಅದು ತಪ್ಪೂ ಅಲ್ಲ, ಅವರ ಪಾಲು ಅದರಲ್ಲಿದೆ. ದುರಸ್ತಿಗೆ ಹಣ ಹಾಕುವ ಮೊದಲು ವಾಟ್ನಿ ಪತ್ರ ನೋಂದಣಿ ಮಾಡಿಸಿಕೊಂಡವರು ಜಾಣರು.

ಊರಲ್ಲಿ ಏನೂ ಇಲ್ಲದವರೂ ಬರಬಹುದು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಕಾಲುವೆ ನೀರು ಹರಿಯುವ ಕಡೆ ಹೊಲದ ಬೆಲೆ ಕೇಳಿದವರು ಬೆಂಗಳೂರಿನ ಬಾಡಿಗೆಯೇ ವಾಸಿ ಎಂದು ಹಿಂದಿರುಗಿಯಾರು. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ ಹಿಡಿಯುತ್ತೇನೆ ಎನ್ನುವವರಿಗೆ ಒಂದು ಮಾತು. ಊರಲ್ಲಿ ಎಲ್ಲರೂ ಮಾಡುವ ಲಾವಣಿಗೆ 1974ರ ಭೂ ಸುಧಾರಣೆಯ ನಂತರ ಕಾಗದದ ಬಲ ಇಲ್ಲ. ಅದು ನಂಬಿಕೆಯ ಮೇಲೆ ನಡೆಯುವ ವ್ಯವಹಾರ, ನಂಬಿಕೆ ಊರಿನವನಿಗೆ ಸಿಕ್ಕಷ್ಟು ಸುಲಭವಾಗಿ ಹೊರಗಿನವನಿಗೆ ಸಿಗುವುದಿಲ್ಲ.

ಮನೆ ಸಿಕ್ಕಿತು, ಬೀಗ ತೆಗೆದಾಯಿತು. ಇನ್ನು ಒಲೆಯ ಖರ್ಚು. ಹೊಲದ ಜೋಳ, ಹಿತ್ತಲ ಕಾಯಿಪಲ್ಯ, ಪಕ್ಕದ ಮನೆಯ ಎಮ್ಮೆ ಹಾಲು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಹಾಲಿನ ಮಟ್ಟಿಗೆ ಅದು ಈಗಲೂ ನಿಜ. ಜೋಳದ ಮಟ್ಟಿಗೆ ಊರು ಯಾವ ಕಡೆ ಇದೆ ನೋಡಬೇಕು. ಧೂಪದಾಳದ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆ, ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಸೇರಿ ಈ ಸೀಮೆಯ ಹೊಲಗಳ ಮುಖವನ್ನೇ ಬದಲಿಸಿದವು. ಮೂಡಲಗಿ, ಕಲ್ಲೋಳಿ ಕಡೆ ಕಣ್ಣು ಹಾಯುವವರೆಗೂ ಕಬ್ಬು. ಕಬ್ಬಿನ ಊರಿನಲ್ಲಿ ಜೋಳ ಬಿತ್ತುವವರು ವಿರಳ, ಕಾಳು ತುಂಬಿಡುವ ಹಗೇವು ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ರೊಟ್ಟಿಯ ಜೋಳ ವಿಜಯಪುರ ಕಡೆಯಿಂದ ಬಂದು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಎಣ್ಣೆ, ಬೇಳೆ, ಸೋಪು ಕೂಡ ಅದೇ ಅಂಗಡಿಯಲ್ಲಿ. ಪ್ಯಾಕೆಟಿನ ಮೇಲೆ ಅಚ್ಚಾದ ಬೆಲೆ ಘಟಪ್ರಭೆಗೂ ಜಯನಗರಕ್ಕೂ ಒಂದೇ. ಅಕ್ಕತಂಗೇರಹಾಳ, ಅಂಕಲಗಿ ಕಡೆಯ ಮಡ್ಡಿ ಊರುಗಳಲ್ಲಿ ಇನ್ನೂ ಜೋಳ, ಕಾಳು ಮನೆಯಲ್ಲಿ ಬೆಳೆದದ್ದೇ ಬರುತ್ತದೆ, ಆದರೆ ಅಲ್ಲಿ ಬೇಸಿಗೆಗೆ ಬೋರಿನ ನೀರಿನ ಚಿಂತೆ. ನೀರಿದ್ದ ಕಡೆ ಕಾಳಿಲ್ಲ, ಕಾಳಿದ್ದ ಕಡೆ ನೀರಿಲ್ಲ ಎಂದು ಹೇಳಿದರೆ ಸ್ವಲ್ಪ ಅತಿಯಾದೀತು, ಆದರೆ ದಿಕ್ಕು ಅದೇ.

ಕರೆಂಟಿನದು ಇಲ್ಲಿ ಒಂದು ಸ್ವಾರಸ್ಯದ ಕಥೆ. ಹುಕ್ಕೇರಿ ತಾಲ್ಲೂಕಿನ ಮನೆಗಳಿಗೆ ಬಿಲ್ಲು ಕೊಡುವುದು ಸರಕಾರಿ ವಿದ್ಯುತ್ ಕಂಪನಿ ಹೆಸ್ಕಾಂ ಅಲ್ಲ, 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಹೀಗೆ ಗ್ರಾಹಕರೇ ಸದಸ್ಯರಾಗಿರುವ ವಿದ್ಯುತ್ ಸಂಘ ಇದೊಂದೇ, ಅದರ ಚುನಾವಣೆ ಬಂದರೆ ವಿಧಾನಸಭೆಯ ಚುನಾವಣೆಯಷ್ಟೇ ಬಿಸಿ. ಸರಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಹೆಸ್ಕಾಂ ಗ್ರಾಹಕರಿಗೂ ಇದೆ, ಈ ಸಂಘದವರಿಗೂ ಇದೆ. ಊರಿಗೆ ಮರಳಿದವರು ಗಮನಿಸದೆ ಹೋಗುವ ಒಂದು ಸಂಗತಿ ಇದರಲ್ಲಿದೆ. ಎಲ್ಲರಿಗೂ 200 ಯೂನಿಟ್ ಉಚಿತ ಅಂತಲ್ಲ. ಆ ಮೀಟರಿನ 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಕಟ್ಟುತ್ತಾರೆ. ಆ ವರ್ಷ ಬೀಗ ಬಿದ್ದಿದ್ದ ಮನೆಯ ಸರಾಸರಿ ಎಷ್ಟಿದ್ದೀತು? ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಸೊನ್ನೆ ಬಿಲ್ಲು ಬರುತ್ತಿದ್ದವನಿಗೆ ಸ್ವಂತ ಮನೆಯಲ್ಲಿ ಬಿಲ್ಲು ಬಂದು ಅಚ್ಚರಿಯಾಗುತ್ತದೆ.

ಈಗ ನಗರದವರ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇಲ್ಲದ ಖರ್ಚಿಗೆ ಬರೋಣ. ಮುಯ್ಯಿ.

ಮದುವೆಯ ಪೆಂಡಾಲಿನಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಜನ ಊಟಕ್ಕೆ ಎದ್ದರೆ, ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಇಬ್ಬರು ಕೂತಿರುತ್ತಾರೆ. ಒಬ್ಬನ ಕೈಯಲ್ಲಿ ಉದ್ದನೆಯ ನೋಟುಬುಕ್ಕು, ಇನ್ನೊಬ್ಬನ ತೊಡೆಯ ಮೇಲೆ ರೊಕ್ಕದ ಚೀಲ. ಊರು, ಹೆಸರು, ಅಪ್ಪನ ಹೆಸರು, ಮೊತ್ತ. ಬಟ್ಟೆಯ ಆಹೇರಿ ಬೇರೆ: ಗಂಡಸರಿಗೆ ಟೋಪಿ, ಟವೆಲ್ಲು, ಹೆಂಗಸರಿಗೆ ಸೀರೆ, ಅದೂ ಆಗದಿದ್ದರೆ ಕುಪ್ಪಸದ ಖಣ. ಈ ನೋಟುಬುಕ್ಕನ್ನು ಮದುವೆ ಮುಗಿದ ಮೇಲೆ ಯಾರೂ ಎಸೆಯುವುದಿಲ್ಲ. ಟ್ರಂಕಿನಲ್ಲಿ ಆಧಾರ್ ಕಾರ್ಡು, ಉತಾರಗಳ ಜತೆ ಇರುತ್ತದೆ. ಎದುರಿನ ಮನೆಯಿಂದ ಲಗ್ನಪತ್ರಿಕೆ ಬಂದಾಗ ಆ ನೋಟುಬುಕ್ಕು ತೆಗೆದು ಅವರು ಹಾಕಿದ್ದೆಷ್ಟು ನೋಡಿ, ಅದಕ್ಕಿಂತ ಒಂದಿಷ್ಟು ಹೆಚ್ಚು ಹಾಕಬೇಕು. ಕಡಿಮೆ ಹಾಕಿದರೆ ಯಾರೂ ಬೈಯುವುದಿಲ್ಲ, ಮರೆಯುವುದೂ ಇಲ್ಲ.

ಬೆಂಗಳೂರಿನಲ್ಲಿದ್ದಾಗ ಈ ಪತ್ರಿಕೆಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದವು, "ರಜಾ ಸಿಗಲಿಲ್ಲ" ಎಂದರೆ ಮುಗಿಯುತ್ತಿತ್ತು. ಊರಲ್ಲಿ ಮನೆ ತೆರೆದ ಮೇಲೆ ಪತ್ರಿಕೆ ಕೈಗೇ ಬರುತ್ತದೆ, ಅರಿಷಿಣ ಹಚ್ಚಿಕೊಂಡು. ಬೇಸಿಗೆಯ ಲಗ್ನದ ಸುಗ್ಗಿಯಲ್ಲಿ ಒಂದೇ ದಿನ ಮೂರು ಊರಿನ ಮದುವೆ, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮುದುಕರು ಇನ್ನೊಂದು ಕಡೆ ಹಂಚಿಕೊಂಡು ಹೋಗಬೇಕು. ಹೆಂಡತಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಗಂಡನಿಗೆ ಶೇ 15 ತುಟ್ಟಿ. ಇದರ ಮೇಲೆ ಜಾವಳ, ಸೀಮಂತ, ಮನೆ ಒಕ್ಕಲು, ಸತ್ತವರ ದಿನ. ಊರ ದೇವಿಯ ಜಾತ್ರೆ ಬಂದರೆ ಮನೆಗಿಷ್ಟು ಎಂದು ಪಟ್ಟಿ ಹಾಕುತ್ತಾರೆ. ನೌಕರಿಯವರ ಮನೆಗೆ ಪಟ್ಟಿ ಸಹಜವಾಗಿ ಒಂದು ಸೊನ್ನೆ ಜಾಸ್ತಿ. ಜಾತ್ರೆಗೆ ಬಂದ ಬೀಗರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಗೋಕಾಕದ ಸೀಮೆಯಲ್ಲಿ ಕರದಂಟಿನ ಡಬ್ಬಿಯಿಲ್ಲದೆ ಯಾರನ್ನಾದರೂ ಕಳಿಸುವುದುಂಟೇ?

ಇದನ್ನು ದಂಡ ಎಂದು ಬಗೆದವರು ಊರಲ್ಲಿ ಬಹಳ ದಿನ ನಿಲ್ಲಲಾರರು. ಮುಯ್ಯಿ ಎಂದರೆ ಒಂದು ಬಗೆಯ ಚೀಟಿ. ಅವರ ಮಗಳ ಮದುವೆಗೆ ಹಾಕಿದ್ದು ನಿಮ್ಮ ಮಗನ ಮದುವೆಗೆ ಬರುತ್ತದೆ. ಹಣಕ್ಕಿಂತ ಹೆಚ್ಚಿನದೂ ಬರುತ್ತದೆ: ನಡುರಾತ್ರಿ ಅಪ್ಪನಿಗೆ ಎದೆ ಹಿಡಿದರೆ ಗಾಡಿ ತೆಗೆಯುವವನು, ನೀವು ಊರಲ್ಲಿಲ್ಲದಾಗ ಎಮ್ಮೆಗೆ ಮೇವು ಹಾಕುವವನು, ಮೇಲ್ಮುದ್ದೆ ಸೋರಿದರೆ ಏಣಿ ತರುವವನು. ಇವನ್ನೆಲ್ಲ ಬೆಂಗಳೂರಿನಲ್ಲಿ ಆ್ಯಪ್ ಒತ್ತಿ ಕೊಳ್ಳುತ್ತೇವೆ, ದುಡ್ಡು ಅಲ್ಲಿಗೇ ತೀರುತ್ತದೆ. ಹಳ್ಳಿಯ ಅಗ್ಗ ಎಂಬುದರ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ಪೇಟೆಯ ಬೆಲೆ ಕಡಿಮೆ ಇರುವುದರಿಂದ ಅಲ್ಲ, ಅನೇಕ ಸಂಗತಿಗಳು ಪೇಟೆಗೇ ಬರದೆ ಕೈಯಿಂದ ಕೈಗೆ ಸಾಗುವುದರಿಂದ ಹಳ್ಳಿ ಅಗ್ಗ. ಆ ಸಾಲಿನಲ್ಲಿ ನಿಲ್ಲಲು ಹೆಸರು ನೋಟುಬುಕ್ಕಿನಲ್ಲಿರಬೇಕು. ಹದಿನೈದು ವರ್ಷ ದೂರ ಇದ್ದವನ ಪುಟ ಖಾಲಿ. ಮೊದಲ ಎರಡು ಮೂರು ವರ್ಷ ಅವನು ಬರೀ ಹಾಕಬೇಕು, ಬರುವುದಿಲ್ಲ. ಮರಳಿದವರ ಉಳಿತಾಯದ ಲೆಕ್ಕ ಆ ವರ್ಷಗಳಲ್ಲೇ ತಪ್ಪುವುದು.

ಆಸ್ಪತ್ರೆಯ ವಿಷಯದಲ್ಲಿ ಘಟಪ್ರಭೆಯದು ಬೇರೆಯೇ ಅದೃಷ್ಟ. 1929ರಷ್ಟು ಹಿಂದೆಯೇ ಇಲ್ಲಿ ಕರ್ನಾಟಕ ಆರೋಗ್ಯ ಧಾಮ ಶುರುವಾಯಿತು, ಒಳ್ಳೆಯ ಗಾಳಿ ನೀರು ಅರಸಿ ರೋಗಿಗಳು ಶಹರ ಬಿಟ್ಟು ಈ ಸಣ್ಣ ಊರಿಗೆ ಬಂದರು. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ಈ ಊರನ್ನೇ ಮನೆ ಮಾಡಿಕೊಂಡಿದ್ದರು. ಸಹಕಾರಿ ತತ್ವದ ಮೇಲೆ ನಡೆಯುವ ಜೆ.ಜಿ. ಆಸ್ಪತ್ರೆಯೂ ಇಲ್ಲೇ. ಸ್ಟೇಶನ್ನಿನ ಊರು, ಹೊಳೆ ದಂಡೆ, ಎರಡು ಆಸ್ಪತ್ರೆ. ಅಷ್ಟು ಸಣ್ಣ ಊರಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ಹೃದಯ, ನರ, ಕ್ಯಾನ್ಸರ್ ಎಂದರೆ ಬೆಳಗಾವಿಗೇ ಓಡಬೇಕು. ಒಳಗಿನ ಹಳ್ಳಿಯಿಂದಾದರೆ ಗಾಡಿ ಬಾಡಿಗೆ, ಜತೆಗೆ ಬಂದವರ ಊಟ, ಒಂದು ದಿನದ ಕೆಲಸ. ಮೇಲೆ ಹೇಳಿದ ಸಮೀಕ್ಷೆಯಲ್ಲೂ ಖರ್ಚಿನಲ್ಲಿ ಔಷಧೋಪಚಾರದ ಪಾಲು ನಗರಕ್ಕಿಂತ ಹಳ್ಳಿಯಲ್ಲೇ ಹೆಚ್ಚು.

ಗಳಿಕೆ ಬೆಂಗಳೂರಿನದು, ಖರ್ಚು ಘಟಪ್ರಭೆಯದು ಎಂಬ ಸುಯೋಗ ಲಾಕ್‌ಡೌನಿನ ನಂತರ ಮನೆಯಿಂದಲೇ ಕೆಲಸ ಮಾಡಿದ ಐಟಿಯವರಿಗೆ ಎರಡು ಮೂರು ವರ್ಷ ಒದಗಿತ್ತು. ಅದು ಈಗ ಕಿರಿದಾಗುತ್ತಿದೆ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದೂ ದಿನ ಕಚೇರಿಗೆ ಕರೆಯಿತು, ಇನ್ಫೊಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ ಹತ್ತು ದಿನ ಎಂದಿತು. ಹತ್ತು ದಿನವಾದರೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬರ್ತು, ಬೆಂಗಳೂರಿನ ಪಿ.ಜಿ.ಯಲ್ಲಿ ಒಂದು ಮಂಚ ಎಂದು ಹೊಂದಿಸಿಕೊಳ್ಳಬಹುದು. ಆಗಲೂ ಲೆಕ್ಕ ಲಾಭದಲ್ಲೇ ಇದೆ. ಅದಕ್ಕಿಂತ ಖಚಿತವಾಗಿ ಗೆಲ್ಲುವವರು ಪೆನ್ಶನ್ನಿನವರು: ನಿವೃತ್ತ ಮಾಸ್ತರರು, ಬ್ಯಾಂಕಿನವರು, ಮಿಲಿಟರಿಯಿಂದ ಬಂದವರು. ಪೆನ್ಶನ್ ಎಲ್ಲಿ ಕೂತರೂ ಅಷ್ಟೇ ಬರುತ್ತದೆ, ಮಕ್ಕಳ ಶಾಲೆಯ ಖರ್ಚು ಮುಗಿದಿರುತ್ತದೆ. ಅವರಿಗೂ ಒಳಹಳ್ಳಿಗಿಂತ ಘಟಪ್ರಭಾ, ಸಂಕೇಶ್ವರ, ಮೂಡಲಗಿಯಂಥ ಊರು ಒಳ್ಳೆಯದು ಎನ್ನುವವನು ನಾನು. ಬಾಡಿಗೆಯೋ ಪ್ಲಾಟೋ ಬೆಂಗಳೂರಿನ ಎದುರು ಏನೂ ಅಲ್ಲ, ಡಾಕ್ಟರು, ಬ್ಯಾಂಕು ನಡೆದು ಹೋಗುವ ದೂರದಲ್ಲಿ, ಊರ ಹೊಲಕ್ಕೆ ಟಂಟಂ ಹತ್ತಿದರೆ ಅರ್ಧ ತಾಸು. ಮುಯ್ಯಿಯ ಪತ್ರಿಕೆಯೂ ಸ್ವಲ್ಪ ಕಡಿಮೆ ಬರುತ್ತದೆ.

ಹಣ ಉಳಿಸಲು ಈ ಕಡೆ ಬರುವುದು ಹೊಸದಿರಬಹುದು, ಹಣ ಗಳಿಸಲು ಈ ಕಡೆ ಬಂದದ್ದು ಹಳೆಯದು. ಗೋಕಾಕ ಫಾಲ್ಸಿನ ಗಿರಣಿಗೆ ಸಂಬಂಧಿಸಿದ ಕಂಪನಿ ನೋಂದಣಿಯಾದದ್ದು 1885ರಲ್ಲಿ. 52 ಮೀಟರ್ ಎತ್ತರದಿಂದ ಬೀಳುವ ಹೊಳೆಯ ಬಲದಲ್ಲಿ ನೂಲು ತೆಗೆಯಲು ಹೊರಟಾಗ ಸುತ್ತಲಿನ ಹಳ್ಳಿಗಳಿಂದ ಜನ ಬಂದು ಗಿರಣಿಯ ಚಾಳುಗಳಲ್ಲಿ ನೆಲೆಸಿದರು. ಅವರ ಮೊಮ್ಮಕ್ಕಳು ಬೆಂಗಳೂರು, ಪುಣೆಗೆ ಹೋದರು.

ಈಗ ಮರಳುವವರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದವರ ಮಾತು ಮಾತ್ರ ಬೇರೆ, ಅದಕ್ಕೇ ಕೊನೆಗೆ ಉಳಿಸಿಕೊಂಡೆ. ಊರಿನ ಸರಕಾರಿ ಶಾಲೆಯಲ್ಲಿ ಓದಿ ಬೆಂಗಳೂರು ಸೇರಿದವನೇ ತನ್ನ ಮಗನನ್ನು ಆ ಶಾಲೆಗೆ ಹಾಕಲು ಒಪ್ಪುವುದಿಲ್ಲ. ಹಳದಿ ಬಣ್ಣದ ಶಾಲಾ ಬಸ್ಸು ಬೆಳಿಗ್ಗೆ ಹಳ್ಳಿ ಹಳ್ಳಿ ಸುತ್ತಿ ಮಕ್ಕಳನ್ನು ಗೋಕಾಕಕ್ಕೋ ಸಂಕೇಶ್ವರಕ್ಕೋ ಒಯ್ಯುತ್ತದೆ, ಫೀಸಿನ ಜತೆ ಬಸ್ಸಿನ ಹಣ ಬೇರೆ. ಪಿಯುಸಿ ಬಂದರೆ ಧಾರವಾಡ, ಮೂಡಬಿದಿರೆ ಎಂದು ಹಾಸ್ಟೆಲ್ಲು. ಹೀಗಾಗಿ ಅನುಕೂಲ ಇದ್ದ ರೈತರೇ ಹೊಲ ಊರಲ್ಲಿ ಬಿಟ್ಟು ಮಕ್ಕಳ ಸಲುವಾಗಿ ಗೋಕಾಕದಲ್ಲಿ ಮನೆ ಹಿಡಿದಿದ್ದಾರೆ. ಹೆಂಡತಿ ಮಕ್ಕಳು ಅಲ್ಲಿ, ಗಂಡ ದಿನಾ ಬೈಕಿನಲ್ಲಿ ಹೊಲಕ್ಕೆ. ಬಾಡಿಗೆ ಉಳಿಸಲೆಂದು ಬೆಂಗಳೂರಿನಿಂದ ಬಂದ ತಮ್ಮ ಊರ ಮನೆಯ ಬೀಗ ತೆಗೆಯುವ ಹೊತ್ತಿಗೆ, ಅಣ್ಣ ಗೋಕಾಕದಲ್ಲಿ ಆ ತಿಂಗಳ ಬಾಡಿಗೆ ಕಟ್ಟಿ ಬಂದಿರುತ್ತಾನೆ.